ಹಬ್ಬದ ರಾತ್ರಿಗೆ ಹೆದರಿಕೆಯ ಸಿನೆಮಾ: ಯಾವ ಚಾವಡಿಗೆ ಯಾವುದು?

"ಬಣ್ಣದ ವೇಷ ಬರುವಾಗ ಎಬ್ಬಿಸಿ" ಎಂದು ಹೇಳಿ ಯಕ್ಷಗಾನ ಆಟದ ಗದ್ದೆಯಲ್ಲಿ ಚಾಪೆ ಹಾಸಿ ಮಲಗುವ ಮಕ್ಕಳಿರುವ ಊರು ನಮ್ಮದು. ಹೆದರಬೇಕು, ಆದರೆ ಹೆದರುವಾಗ ಮಗ್ಗುಲಲ್ಲಿ ಮನೆಯವರೆಲ್ಲ ಇರಬೇಕು. ಆ ಸುಖ ಕುಂಬಳೆಯಿಂದ ಮುಳ್ಳೇರಿಯದವರೆಗೆ ಯಾರಿಗೂ ಹೊಸತಲ್ಲ. ಹಬ್ಬದ ರಜೆಗೆ ನೆಂಟರು ಸೇರಿದ ರಾತ್ರಿ ಚಾವಡಿಯಲ್ಲಿ ಹೆದರಿಕೆಯ ಸಿನೆಮಾ ಹಾಕುವುದೂ ಅದೇ ಬಗೆಯದು. ಅದು ಕೆಟ್ಟುಹೋದರೆ ಬಹಳ ಸಲ ತಪ್ಪು ಸಿನೆಮಾದ್ದಾಗಿರುವುದಿಲ್ಲ, ಆರಿಸಿದವರದ್ದಾಗಿರುತ್ತದೆ. ಎಂಟು ವರ್ಷದ ಮಗುವಿನ ಎದುರು ದೊಡ್ಡವರ ಸಿನೆಮಾ, ಇಂಗ್ಲಿಷ್ ಓದಲು ಬಾರದ ಅಜ್ಜಿಯ ಎದುರು ಇಡೀ ಮಾತಿನ ಮೇಲೆ ನಿಂತ ಸಿನೆಮಾ, ಪಟಾಕಿ ಸದ್ದಿನ ನಡುವೆ ಪಿಸುಮಾತಿನ ಸಿನೆಮಾ. ಹಾಗಾಗಿ "ಯಾವುದು ಹೆಚ್ಚು ಹೆದರಿಸುತ್ತದೆ" ಎಂಬುದು ಇಲ್ಲಿ ಕೊನೆಗೆ ಕೇಳಬೇಕಾದ ಪ್ರಶ್ನೆ.

ಮೊದಲು ಕೇಳಬೇಕಾದದ್ದು ಬೇರೆ. ಕತೆಯಿಂದ ಹಬ್ಬವನ್ನು ತೆಗೆದು ನೋಡಿ. ಕತೆ ಹಾಗೇ ನಿಂತರೆ ಅದು ಹಬ್ಬದ ಸಿನೆಮಾ ಅಲ್ಲ, ಕೊಲೆಗಾರನ ತಲೆಗೆ ಕೆಂಪು ಟೊಪ್ಪಿ ಹಾಕಿದ ಸಿನೆಮಾ ಅಷ್ಟೇ. ಅಂಥವು ಹತ್ತಾರಿವೆ, ಹಬ್ಬದ ರಾತ್ರಿಗೆ ಬೇಕಾಗಿಲ್ಲ. ಒಳ್ಳೆಯವುಗಳಲ್ಲಿ ಹೆದರಿಕೆ ಹುಟ್ಟುವುದೇ ಹಬ್ಬದ ಕಟ್ಟಳೆಯಿಂದ: ರಜೆಗೆ ಎಲ್ಲರೂ ಊರಿಗೆ ಹೊರಡುವುದು, ಉಡುಗೊರೆ ಕೊಡುವುದು, ಒಂದು ರಾತ್ರಿಗೆ ಮುಖವಾಡ ಹಾಕುವುದು, ಬಾಗಿಲಿಗೆ ಬಂದವರನ್ನು ಒಳಗೆ ಕರೆಯುವುದು. ಕೆಳಗಿನ ಹೋಲಿಕೆ ಈ ಅಳತೆಗೋಲಿನಲ್ಲಿ ಗೆದ್ದವುಗಳ ನಡುವಿನದು.

ಮಕ್ಕಳೂ ಇದ್ದರೆ: ಗ್ರೆಮ್ಲಿನ್ಸ್ ಅಥವಾ ಕ್ರಾಂಪಸ್

ನಮ್ಮ ಕಡೆಯ ರಜೆಯ ಮನೆಗಳಲ್ಲಿ ಹೆಚ್ಚಾಗಿ ಏಳುವ ಪ್ರಶ್ನೆ ಇದು. ಎರಡೂ ಕ್ರಿಸ್ಮಸ್ ಕತೆಗಳು, ಎರಡರಲ್ಲೂ ನಗು ಇದೆ, ಎರಡರಲ್ಲೂ ಭೂತಗಳು ಕಂಪ್ಯೂಟರಿನ ಚಿತ್ರಕ್ಕಿಂತ ಕೈಯಲ್ಲಿ ಮಾಡಿದ ಬೊಂಬೆಗಳೇ ಹೆಚ್ಚು. ಆದರೂ ಕೂರುವವರ ವಯಸ್ಸು ಬೇರೆ.

ಜೋ ಡಾಂಟೆ ನಿರ್ದೇಶಿಸಿದ ಗ್ರೆಮ್ಲಿನ್ಸ್ 1984ರದ್ದು, 106 ನಿಮಿಷ. ಅಪ್ಪ ಮಗನಿಗೆ ಕ್ರಿಸ್ಮಸ್ ಉಡುಗೊರೆಯಾಗಿ ಒಂದು ಮುದ್ದು ಪ್ರಾಣಿ ತರುತ್ತಾನೆ. ಅದನ್ನು ಸಾಕಲು ಮೂರು ನಿಯಮ: ಜೋರು ಬೆಳಕಿಗೆ ಒಡ್ಡಬಾರದು, ನೀರು ಸೋಕಿಸಬಾರದು, ಎಷ್ಟೇ ಅತ್ತರೂ ನಡುರಾತ್ರಿ ದಾಟಿದ ಮೇಲೆ ತಿನ್ನಲು ಕೊಡಬಾರದು. ಮೂರೂ ಮುರಿಯುತ್ತವೆ, ಊರು ಹಾಳಾಗುತ್ತದೆ. ಇದರ ದೊಡ್ಡ ಗುಣ, ಕತೆ ಇಡೀ ಮೂರು ವಾಕ್ಯದಲ್ಲಿ ಮುಗಿಯುವುದು. ಸಿನೆಮಾ ಶುರುವಾಗುವ ಮೊದಲು ಆ ನಿಯಮಗಳನ್ನು ಕನ್ನಡದಲ್ಲಿ ಹೇಳಿಬಿಟ್ಟರೆ ಇಂಗ್ಲಿಷ್ ಗೊತ್ತಿಲ್ಲದವರೂ ಕೊನೆಯವರೆಗೆ ಹಿಂಬಾಲಿಸುತ್ತಾರೆ. ಮೊದಲ ಭಾಗ ನಿಧಾನ, ಮುದ್ದು ಮುದ್ದಾಗಿದೆ. "ಇದೆಂಥ ಹೆದರಿಕೆ?" ಎಂದು ದೊಡ್ಡ ಮಕ್ಕಳು ಗೊಣಗುವುದು ಆಗಲೇ. ತಾಯಿ ಅಡುಗೆಮನೆಯಲ್ಲಿ ಮಿಕ್ಸಿ, ಮೈಕ್ರೋವೇವ್ ಹಿಡಿದು ಹೋರಾಡುವ ದೃಶ್ಯದವರೆಗೆ ತಾಳ್ಮೆ ಬೇಕು. ಅಲ್ಲಿಂದ ಯಾರೂ ಏಳುವುದಿಲ್ಲ.

ಎರಡು ಎಚ್ಚರಿಕೆ. ಅಮೆರಿಕದಲ್ಲಿ ಇದಕ್ಕೆ ಸಿಕ್ಕಿದ್ದು ಪಿಜಿ, ಅಂದರೆ ಪಾಲಕರು ನೋಡಿಕೊಂಡು ಮಕ್ಕಳಿಗೂ ತೋರಿಸಬಹುದು ಎಂಬ ಪ್ರಮಾಣಪತ್ರ. ಅಡುಗೆಮನೆಯ ದೃಶ್ಯದಂಥವನ್ನು ನೋಡಿದ ತಂದೆತಾಯಂದಿರ ಆಕ್ಷೇಪವೂ ಸೇರಿಯೇ ಅದೇ ವರ್ಷ, ಹದಿಮೂರರೊಳಗಿನ ಮಕ್ಕಳ ಬಗ್ಗೆ ಎಚ್ಚರಿಸುವ ಪಿಜಿ-13 ಎಂಬ ಹೊಸ ದರ್ಜೆ ಬಂತು. ಆದ್ದರಿಂದ "ಪಿಜಿ ಅಲ್ವಾ" ಎಂದು ಐದಾರು ವರ್ಷದವರನ್ನು ಕೂರಿಸಬೇಡಿ, ಒಂಬತ್ತು ಹತ್ತು ದಾಟಿದವರಿಗೆ ಸರಿ. ಇನ್ನೊಂದು, ನಾಯಕನ ಗೆಳತಿ ತಾನು ಕ್ರಿಸ್ಮಸ್ಸನ್ನು ಯಾಕೆ ದ್ವೇಷಿಸುತ್ತೇನೆಂದು ಹೇಳುವ ಒಂದು ದೃಶ್ಯವಿದೆ. ಸಾಂತಾ ಕ್ಲಾಸ್ ನಿಜವೆಂದು ನಂಬಿರುವ ಪುಟ್ಟ ಮಕ್ಕಳ ನಂಬಿಕೆ ಆ ಒಂದು ಮಾತಿನಲ್ಲಿ ಒಡೆಯುತ್ತದೆ. ನೆಂಟರ ಪೈಕಿ ಅಂಥ ಮಗು ಇದ್ದರೆ ಆ ಹೊತ್ತಿಗೆ ಅಡುಗೆಮನೆಗೆ ಕರೆದೊಯ್ಯುವುದು ಒಳ್ಳೆಯದು.

ಮೈಕೆಲ್ ಡೌಗರ್ಟಿಯ ಕ್ರಾಂಪಸ್ 2015ರದ್ದು, 98 ನಿಮಿಷ, ಪಿಜಿ-13. ಆಸ್ಟ್ರಿಯಾ ಸುತ್ತಿನ ಆಲ್ಪ್ಸ್ ಬೆಟ್ಟಗಳ ಕಡೆ ಡಿಸೆಂಬರ್ 5ರ ರಾತ್ರಿ ಕೊಂಬು, ರೋಮ, ಗಂಟೆಗಳ ವೇಷ ತೊಟ್ಟು ಬೀದಿಯಲ್ಲಿ ಓಡುವ ಪದ್ಧತಿ ಇದೆ. ಮರುದಿನ ಸಂತ ನಿಕೊಲಾಸನ ಹಬ್ಬ. ಒಳ್ಳೆಯ ಮಕ್ಕಳಿಗೆ ಸಂತ ಉಡುಗೊರೆ ಕೊಟ್ಟರೆ ಕೆಟ್ಟ ಮಕ್ಕಳನ್ನು ಕ್ರಾಂಪಸ್ ಹೊತ್ತೊಯ್ಯುತ್ತಾನೆ ಎಂಬ ನಂಬಿಕೆಯ ಮೇಲೆ ಕತೆ ನಿಂತಿದೆ. ಒಂದು ಮನೆ, ರಜೆಗೆ ಬಂದ ನೆಂಟರು, ಊಟದ ಮೇಜಿನಲ್ಲೇ ಜಗಳ, ಹೊರಗೆ ಹಿಮದ ಬಿರುಗಾಳಿ, ಕರೆಂಟು ಹೋಗಿದೆ. ಹಬ್ಬಕ್ಕೆ ಸೇರಿದ ದೊಡ್ಡ ಕುಟುಂಬದ ಒಳಗಿನ ಕಿರಿಕಿರಿಯನ್ನು ಇಷ್ಟು ನಿಜವಾಗಿ ತೋರಿಸಿದ ಹೆದರಿಕೆ ಸಿನೆಮಾ ಕಡಿಮೆ, ಅತ್ತಿಗೆ ನಾದಿನಿ ಭಾವಂದಿರು ಒಟ್ಟಿಗೆ ಕೂತು ನೋಡಿದರೆ ಅರ್ಥ ಹೆಚ್ಚು. ಮನೆಯ ಅಜ್ಜಿ ಹೆಚ್ಚಾಗಿ ಜರ್ಮನ್ ಮಾತಾಡುತ್ತಾಳೆ. ಅವಳು ತನ್ನ ಬಾಲ್ಯದ ಕತೆ ಹೇಳುವ ಭಾಗ ಮಾತ್ರ ಬೊಂಬೆಚಿತ್ರದಂತೆ ಬೇರೆಯದೇ ಶೈಲಿಯಲ್ಲಿ ಬರುತ್ತದೆ. ಸಿನೆಮಾದ ಅತ್ಯಂತ ಚಂದದ ಕೆಲವು ನಿಮಿಷಗಳು ಅವು.

ಕ್ರಾಂಪಸ್‌ನಲ್ಲಿ ಮಕ್ಕಳಿಗೇ ಅಪಾಯ. ಆಟಿಕೆಯೊಂದು ಮಗುವನ್ನು ನುಂಗುವ ದೃಶ್ಯವಿದೆ. ಗ್ರೆಮ್ಲಿನ್ಸ್ ನೋಡಿ ನಕ್ಕ ಮಗು ಇದನ್ನು ನೋಡಿ ಮೂರು ರಾತ್ರಿ ಅಮ್ಮನ ಸೆರಗು ಹಿಡಿಯಬಹುದು. ಹನ್ನೆರಡು ದಾಟಿದವರಿಗೆ ಮಾತ್ರ. ರಕ್ತ ಕಡಿಮೆ, ಆದರೆ ಕೊನೆ ಸಮಾಧಾನ ಕೊಡುವಂಥದ್ದಲ್ಲ. ಒಂದೇ ಸಿನೆಮಾ ಹಾಕುವುದಾದರೆ, ವಯಸ್ಸಾದವರೂ ಮಕ್ಕಳೂ ಬೆರೆತ ಚಾವಡಿಗೆ ಗ್ರೆಮ್ಲಿನ್ಸ್. ಹೈಸ್ಕೂಲು, ಕಾಲೇಜಿನವರೇ ತುಂಬಿದ್ದರೆ ಕ್ರಾಂಪಸ್.

ಇನ್ನೂ ಚಿಕ್ಕವರಿದ್ದರೆ ದಿ ನೈಟ್‌ಮೇರ್ ಬಿಫೋರ್ ಕ್ರಿಸ್ಮಸ್ (1993) ಹಾಕಿ. 76 ನಿಮಿಷ, ಹಾಡುಗಳೇ ಹೆಚ್ಚು. ಟಿಮ್ ಬರ್ಟನ್ ಹೆಸರು ದೊಡ್ಡದಾಗಿ ಕಂಡರೂ ನಿರ್ದೇಶಿಸಿದವರು ಹೆನ್ರಿ ಸೆಲಿಕ್. ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಒಂದೊಂದೇ ಚಿತ್ರ ತೆಗೆದು, ಒಂದು ಸೆಕೆಂಡಿಗೆ 24 ಚಿತ್ರದಂತೆ ಜೋಡಿಸಿದ ಕೆಲಸ. ಸಿನೆಮಾ ಮುಗಿದ ಮೇಲೆ ಇದನ್ನು ಮಕ್ಕಳಿಗೆ ಹೇಳಿದರೆ ಅವರು ಮೊಬೈಲಿನಲ್ಲಿ ತಾವೇ ಮಾಡಲು ಹೊರಡುತ್ತಾರೆ, ರಜೆಯ ಒಂದು ದಿನ ಹಾಗೆ ಕಳೆಯುತ್ತದೆ.

ದೊಡ್ಡವರಿಗೆ ಮಾತ್ರ: ಬ್ಲ್ಯಾಕ್ ಕ್ರಿಸ್ಮಸ್ ಮತ್ತು ಹ್ಯಾಲೋವೀನ್

ಮಕ್ಕಳು ಮಲಗಿದ ಮೇಲಿನ ಆಯ್ಕೆ ಈ ಎರಡರ ನಡುವೆ. ಹಬ್ಬದ ದಿನದ ಕೊಲೆಗಾರ ಎಂಬ ಜಾಡನ್ನು ಗಟ್ಟಿ ಮಾಡಿದ್ದು ಇವೇ. ಆಮೇಲೆ ಬಂದವರಲ್ಲಿ ಹಲವರು ಇವುಗಳಿಂದ ಸಾಲ ಪಡೆದವರು.

ಕೆನಡಾದ ಬ್ಲ್ಯಾಕ್ ಕ್ರಿಸ್ಮಸ್ 1974ರದ್ದು, 98 ನಿಮಿಷ. ಕಾಲೇಜು ಹುಡುಗಿಯರ ವಸತಿಮನೆ, ಕ್ರಿಸ್ಮಸ್ ರಜೆಗೆ ಒಬ್ಬೊಬ್ಬರೇ ಊರಿಗೆ ಹೊರಡುವ ಸಮಯ. ಒಬ್ಬಳು ಕಾಣದಾದರೆ "ಊರಿಗೆ ಹೋಗಿರಬೇಕು" ಎಂದುಕೊಳ್ಳುವುದು ಸಹಜ. ಹಬ್ಬದ ರಜೆಯನ್ನು ತೆಗೆದರೆ ಈ ಕತೆ ಒಂದು ದಿನವೂ ನಿಲ್ಲದು. ಮನೆಗೆ ಬರುವ ಫೋನ್ ಕರೆಗಳೇ ಇದರ ಜೀವ. ಕರೆ ಎಲ್ಲಿಂದ ಎಂದು ಕಂಡುಹಿಡಿಯಲು ಟೆಲಿಫೋನ್ ಎಕ್ಸ್‌ಚೇಂಜಿನ ನೌಕರ ಉಪಕರಣಗಳ ಸಾಲುಗಳ ನಡುವೆ ಓಡಬೇಕು, ಅಷ್ಟು ಹೊತ್ತು ಹುಡುಗಿ ಮಾತು ಬೆಳೆಸಬೇಕು. ಲ್ಯಾಂಡ್‌ಲೈನು, ಟ್ರಂಕ್ ಕಾಲ್ ಕಂಡ ಐವತ್ತು ದಾಟಿದವರಿಗೆ ಆ ಕಾಯುವಿಕೆ ಮೈಗೆ ಹತ್ತುತ್ತದೆ. ಮೊಬೈಲಿನ ಕಾಲದವರಿಗೆ ಮೊದಲೇ ಎರಡು ಮಾತು ಹೇಳಿಕೊಡಬೇಕಾಗುತ್ತದೆ.

ಇದರ ನಿರ್ದೇಶಕ ಬಾಬ್ ಕ್ಲಾರ್ಕ್ ಒಂಬತ್ತು ವರ್ಷ ಕಳೆದು, 1983ರಲ್ಲಿ, ಅಮೆರಿಕದ ಮನೆಗಳಲ್ಲಿ ಪ್ರತಿ ವರ್ಷ ಹಾಕುವ ನಗುವಿನ ಕ್ರಿಸ್ಮಸ್ ಸಿನೆಮಾವನ್ನೂ ಮಾಡಿದರು. ಹಬ್ಬದ ಮನೆಯ ಬೆಚ್ಚಗಿನ ಬೆಳಕು ಹೇಗಿರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬ್ಲ್ಯಾಕ್ ಕ್ರಿಸ್ಮಸ್‌ನಲ್ಲೂ ಆ ಬೆಳಕು ಇದೆ, ಅದಕ್ಕೇ ಅದು ಅಷ್ಟು ಕೊರೆಯುತ್ತದೆ.

ತೊಂದರೆ ಏನೆಂದರೆ ಫೋನಿನ ಮಾತುಗಳು ತೀರಾ ಅಶ್ಲೀಲ. ಇಂಗ್ಲಿಷ್ ತಿಳಿದ ಹಿರಿಯರ ಜೊತೆ ಕೂತರೆ ಇಬ್ಬರಿಗೂ ಮುಜುಗರ. ಮತ್ತೆ ಇದು ಪೂರ್ತಿ ಕಿವಿಯ ಸಿನೆಮಾ. ಒಬ್ಬರು ಪಕ್ಕದಲ್ಲಿ ಕೂತು ಕನ್ನಡಕ್ಕೆ ಹೇಳುತ್ತಾ ಹೋದರೆ ಸತ್ತೇಹೋಗುತ್ತದೆ. ಇಂಗ್ಲಿಷ್ ಅಡಿಬರಹ ಓದಬಲ್ಲವರು ಮಾತ್ರ, ನಾಲ್ಕೈದು ಜನ, ಬಾಗಿಲು ಹಾಕಿದ ಕೋಣೆ. ಹಾಗಿದ್ದರೆ ಇದಕ್ಕೆ ಸಾಟಿ ಇಲ್ಲ.

ಜಾನ್ ಕಾರ್ಪೆಂಟರ್ 1978ರಲ್ಲಿ ಮಾಡಿದ ಹ್ಯಾಲೋವೀನ್ 91 ನಿಮಿಷದ್ದು. ಖರ್ಚು ಸುಮಾರು 3 ಲಕ್ಷ ಡಾಲರ್ ಮಾತ್ರ. ಕೊಲೆಗಾರನ ಮುಖವಾಡ ಅಂಗಡಿಯಲ್ಲಿ ಸಿಗುತ್ತಿದ್ದ, ಸ್ಟಾರ್ ಟ್ರೆಕ್ ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಮುಖವಾಡ, ಅದಕ್ಕೇ ಬಿಳಿ ಬಣ್ಣ ಬಳಿದದ್ದು. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯದ ವಸಂತದಲ್ಲಿ, ಕತೆ ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದ್ದು, ವೇಷ ಹಾಕುವ ರಾತ್ರಿಯದ್ದು. ಹಾಗಾಗಿ ಒಣಗಿದ ಎಲೆಗಳಿಗೆ ಬಣ್ಣ ಹಾಕಿ ಹರಡಿ, ದೃಶ್ಯ ಮುಗಿದ ಮೇಲೆ ಗುಡಿಸಿ ಮತ್ತೆ ಬಳಸಿದರು. ಹಿಂದಿನ ಮರಗಳು ಹಸಿರಾಗಿಯೇ ಇವೆ, ಹುಡುಕಿದರೆ ಕಾಣುತ್ತವೆ. ಸಂಗೀತವೂ ಕಾರ್ಪೆಂಟರರದ್ದೇ. ಐದು ಮಾತ್ರೆಯ ಲಯ, ಖಂಡದ ನಡೆ ಎನ್ನಿ. ಚತುರಶ್ರಕ್ಕೆ ಒಗ್ಗಿದ ಕಿವಿಗೆ ಪ್ರತಿ ಸುತ್ತಿನಲ್ಲೂ ಒಂದು ಹೆಜ್ಜೆ ತಪ್ಪಿದಂತೆ ಅನಿಸುತ್ತದೆ, ಚೆಂಡೆ ಮದ್ದಳೆ ಕೇಳಿ ಬೆಳೆದವರು ಅದನ್ನು ಬೇಗ ಗುರುತಿಸುತ್ತಾರೆ.

ರಕ್ತ ಬಹಳ ಕಡಿಮೆ, ಮಾತೂ ಕಡಿಮೆ. ಭಾಷೆಯ ತೊಡಕಿಲ್ಲದೆ ನೋಡಬಹುದಾದದ್ದು ಬ್ಲ್ಯಾಕ್ ಕ್ರಿಸ್ಮಸ್‌ಗಿಂತ ಇದು. ಆದರೆ ಇದಕ್ಕೆ ಅಗಲ ಬೇಕು. ಎತ್ತರದ 2.35 ಪಟ್ಟು ಅಗಲದ ಚೌಕಟ್ಟಿನಲ್ಲಿ ತೆಗೆದ ಸಿನೆಮಾ, ಕೊಲೆಗಾರ ಎಷ್ಟೋ ಸಲ ಅಂಚಿನಲ್ಲಿ ಸುಮ್ಮನೆ ನಿಂತಿರುತ್ತಾನೆ. 32 ಇಂಚಿನ ಟಿವಿಯಲ್ಲಿ, ಎಂಟು ಅಡಿ ದೂರದಿಂದ, ಅವನು ಕಾಣುವುದೇ ಇಲ್ಲ. ನೋಡಿದವರು "ಏನೂ ಆಗಲೇ ಇಲ್ಲವಲ್ಲ" ಎಂದು ಏಳುತ್ತಾರೆ. 50 ಇಂಚಿಗಿಂತ ಸಣ್ಣ ಪರದೆಯಾದರೆ ಬ್ಲ್ಯಾಕ್ ಕ್ರಿಸ್ಮಸ್, ಪ್ರೊಜೆಕ್ಟರ್ ಇದ್ದರೆ ಹ್ಯಾಲೋವೀನ್. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಮ್ಮ ಮತ ಬ್ಲ್ಯಾಕ್ ಕ್ರಿಸ್ಮಸ್‌ಗೆ.

ಎರಡಕ್ಕೂ ಒಂದೇ ಬಲೆ ಇದೆ. ಅದೇ ಹೆಸರಿನಲ್ಲಿ ಬ್ಲ್ಯಾಕ್ ಕ್ರಿಸ್ಮಸ್ 2006 ಮತ್ತು 2019ರಲ್ಲಿ, ಹ್ಯಾಲೋವೀನ್ 2007 ಮತ್ತು 2018ರಲ್ಲಿ ಮತ್ತೆ ಬಂದಿವೆ. ಹುಡುಕಿದಾಗ ಮೇಲೆ ಬರುವುದು ಹೊಸದೇ. ಹೆಸರು ನೋಡಿ ಒತ್ತಬೇಡಿ, ವರ್ಷ ಮತ್ತು ನಿಮಿಷ ನೋಡಿ. ಕ್ರಾಂಪಸ್ ಹೆಸರು ಅಂಟಿಸಿಕೊಂಡ ಅಗ್ಗದ ಸಿನೆಮಾಗಳೂ ಕೆಲವಿವೆ, ಅಲ್ಲೂ 2015 ಎಂಬುದೇ ಗುರುತು.

ಭಾಷೆ ಅಡ್ಡ ಬಾರದ ಒಂದು

ಫಿನ್‌ಲೆಂಡಿನ ರೇರ್ ಎಕ್ಸ್‌ಪೋರ್ಟ್ಸ್ (2010) ಒಂದೂವರೆ ಗಂಟೆಗೂ ಕಡಿಮೆ. ಕೊರ್ವತುಂತುರಿ ಎಂಬ ಗುಡ್ಡದಲ್ಲಿ ಸಾಂತಾ ಇದ್ದಾನೆಂಬುದು ಅಲ್ಲಿನವರ ಮಾತು. ಆ ಗುಡ್ಡವನ್ನೇ ಅಗೆದರೆ ಒಳಗಿಂದ ಯಾರು ಬರುತ್ತಾರೆ? ಫಿನ್ನಿಷ್‌ನಲ್ಲಿ ಅವನ ಹೆಸರು ಯೌಲುಪುಕ್ಕಿ, ಅಂದರೆ 'ಹಬ್ಬದ ಹೋತ'. ಉಡುಗೊರೆಯ ಅಜ್ಜನಾಗುವ ಮೊದಲು ಅವನು ಹೋತದ ವೇಷದ ಅಂಜಿಕೆಯ ಆಕೃತಿಯಾಗಿದ್ದ ಎಂಬ ಹಳೆಯ ನೆನಪಿನಿಂದ ನಿರ್ದೇಶಕ ಯಲ್ಮಾರಿ ಹೆಲಾಂದರ್ ಈ ಕತೆ ಎತ್ತಿದ್ದಾರೆ. ಸಿನೆಮಾದ ಅಪ್ಪ ಮಗ ನಿಜ ಜೀವನದಲ್ಲೂ ಅಪ್ಪ ಮಗನೇ. ಮಾತು ಕಡಿಮೆ, ಹಿಮ, ಮೌನ, ಮುಖಗಳು. ಬತ್ತಲೆ ಮುದುಕರ ದಂಡು ಓಡುವ ದೃಶ್ಯಗಳಿವೆ. ಅದರಲ್ಲಿ ಕಾಮವಿಲ್ಲ, ಆದರೂ ಮಾವ ಅತ್ತೆಯರ ಜೊತೆ ಕೂತು ನೋಡುವಂಥದ್ದಲ್ಲ.

ನವರಾತ್ರಿಗಾದರೆ ದೂರ ಹೋಗಬೇಕಿಲ್ಲ

ಹಬ್ಬವೇ ಕತೆಯ ಬೆನ್ನೆಲುಬಾದ ಹೆದರಿಕೆಯ ಸಿನೆಮಾಕ್ಕೆ ನಮ್ಮ ನೆಲದಲ್ಲಿ 1993ರ ಮಣಿಚಿತ್ರತ್ತಾಳ್ ಇದೆ. ಫಾಝಿಲ್ ನಿರ್ದೇಶನ, 169 ನಿಮಿಷ. ಸೇಡು ತೀರಿಸಲು ನಾಗವಲ್ಲಿ ಕಾಯುವ ದಿನ ದುರ್ಗಾಷ್ಟಮಿ. ಆ ದಿನ ಹತ್ತಿರವಾದಷ್ಟೂ ಕತೆ ಬಿಗಿಯುತ್ತದೆ. ದುರ್ಗಾಷ್ಟಮಿಯ ವಾರದಲ್ಲೇ ನೋಡಿದರೆ ಆ ಎಣಿಕೆ ಮನೆಯ ಕ್ಯಾಲೆಂಡರಿಗೂ ತಾಗುತ್ತದೆ. ಶೋಭನಾ ಅವರಿಗೆ ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಇದೇ ಕತೆಯ ಕನ್ನಡ ರೂಪ 2004ರ ಆಪ್ತಮಿತ್ರ. ವಿಷ್ಣುವರ್ಧನ್ ನಾಯಕ, ಸೌಂದರ್ಯ ತೀರಿಕೊಂಡ ಕೆಲವು ತಿಂಗಳಿಗೆ ತೆರೆ ಕಂಡದ್ದು.

ಯಾವುದು? ಮಲಯಾಳ ಕಿವಿಗೆ ಹತ್ತಿದ ಮನೆಗೆ ಮೂಲವೇ ಸರಿ. ಕಾಸರಗೋಡಿನಲ್ಲಿ ಶಾಲೆ, ಬಸ್ಸು, ಕಚೇರಿ ಎಲ್ಲ ಕಡೆ ಆ ಭಾಷೆ ಇರುವುದರಿಂದ ಕಷ್ಟವಿಲ್ಲ. ಅಲ್ಲಿ ಹೆದರಿಕೆ ನಿಧಾನಕ್ಕೆ, ಮನೆಯ ಗೋಡೆಗಳಿಂದಲೇ ಜಿನುಗುತ್ತದೆ. ಆಪ್ತಮಿತ್ರದಲ್ಲಿ ಹೊಡೆದಾಟ, ಹಾಸ್ಯ ಮುಂದೆ ಬಂದು ಹೆದರಿಕೆ ಹಗುರಾಗುತ್ತದೆ. ಪುತ್ತೂರು, ಬೆಂಗಳೂರಿನಿಂದ ಬಂದ ನೆಂಟರಿದ್ದರೆ ಅಥವಾ ಸಣ್ಣ ಮಕ್ಕಳಿದ್ದರೆ ಆ ಹಗುರವೇ ಅನುಕೂಲ. ಎರಡೂ ಉದ್ದದ ಸಿನೆಮಾಗಳು, ರಾತ್ರಿ ಎಂಟಕ್ಕೆ ಶುರು ಮಾಡದಿದ್ದರೆ ಮುಖ್ಯ ನೃತ್ಯ ಬರುವ ಹೊತ್ತಿಗೆ ಅರ್ಧ ಮನೆ ನಿದ್ದೆ ಹೋಗಿರುತ್ತದೆ.

ಹಿಂದಿಯ ಸ್ತ್ರೀ (2018) ಇನ್ನೊಂದು. ಮಧ್ಯಪ್ರದೇಶದ ಚಂದೇರಿ, ವರ್ಷಕ್ಕೊಮ್ಮೆ ನಾಲ್ಕು ರಾತ್ರಿಯ ಪೂಜೆ, ಆ ನಾಲ್ಕೇ ರಾತ್ರಿ ಗಂಡಸರನ್ನು ಹೊತ್ತೊಯ್ಯುವ ಹೆಂಗಸಿನ ದೆವ್ವ. ಅವಳನ್ನು ತಡೆಯಲು ಬಾಗಿಲ ಮೇಲೆ ಬರೆಯುವ ಬರಹದ ಬೇರು ಇರುವುದು ಕರ್ನಾಟಕದಲ್ಲಿ ಮನೆಬಾಗಿಲುಗಳ ಮೇಲೆ ಬರೆಯುತ್ತಿದ್ದ 'ನಾಳೆ ಬಾ' ಎಂಬ ಕನ್ನಡ ಮಾತಿನಲ್ಲಿ. ಹಿಂದಿ ಅರ್ಧ ಗೊತ್ತಿದ್ದರೂ ಸಾಕು. ಹದಿಹರೆಯದವರೊಂದಿಗೆ ನೋಡಬಹುದು, ಮಾತಿನಲ್ಲಿ ಪೋಲಿತನ ಅಲ್ಲಲ್ಲಿ ಇದೆ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಸಿನೆಮಾ ರಾತ್ರಿಗೆ ವೇಷ ಹಾಕುವ ಮಕ್ಕಳು ದೈವ, ತೆಯ್ಯಂನ ಮುಖವರ್ಣಿಕೆ, ಅಣಿ, ಕೂಗನ್ನು ಅನುಕರಿಸುವುದು ಬೇಡ. ದೀಪಾವಳಿ ಕಳೆದರೆ ಊರಲ್ಲಿ ಕೋಲ, ಕಳಿಯಾಟದ ಕಾಲ. ಪಕ್ಕದ ಮನೆಯವರು ವ್ರತ ಹಿಡಿದಿರಬಹುದು. ಬಿಳಿ ಬೈರಾಸು ಹೊದ್ದ ದೆವ್ವ ಸಾಕು.

ಸಮಯ ಕಡಿಮೆ ಇದ್ದರೆ

ಇಂಗ್ಲೆಂಡಿನಲ್ಲಿ ಕ್ರಿಸ್ಮಸ್ ರಾತ್ರಿ ದೆವ್ವದ ಕತೆ ಹೇಳುವ ರೂಢಿ ಹಳೆಯದು. ಎಂ. ಆರ್. ಜೇಮ್ಸ್ ಕೇಂಬ್ರಿಜ್‌ನಲ್ಲಿ ಮೇಣದಬತ್ತಿಯ ಬೆಳಕಿನಲ್ಲಿ ಗೆಳೆಯರಿಗೆ ತಮ್ಮ ಕತೆ ಓದುತ್ತಿದ್ದದ್ದು ಕ್ರಿಸ್ಮಸ್ ಮುನ್ನಾದಿನವೇ. ಬಿಬಿಸಿ 1971ರಿಂದ 1978ರವರೆಗೆ ಪ್ರತಿ ಕ್ರಿಸ್ಮಸ್‌ಗೆ ಇಂಥ ಒಂದು ಕತೆಯನ್ನು ಕಿರುಚಿತ್ರವಾಗಿ ಬಿತ್ತರಿಸಿತು. ಅವುಗಳಲ್ಲಿ ಡಿಕನ್ಸ್ ಕತೆಯ ದಿ ಸಿಗ್ನಲ್‌ಮ್ಯಾನ್ (1976) ನಲವತ್ತು ನಿಮಿಷವೂ ಇಲ್ಲ. ರೈಲುದಾರಿಯ ಸುರಂಗ, ಒಬ್ಬಂಟಿ ಸಿಗ್ನಲ್ ನೌಕರ, ಕೆಂಪು ದೀಪ. ರಾತ್ರಿ ರೈಲಿನ ಕೂಗು ಕೇಳುವ ಉಪ್ಪಳ, ಮಂಜೇಶ್ವರದ ಮನೆಗಳಲ್ಲಿ ಇದನ್ನು ಹಾಕಿದರೆ ಹೊರಗಿನ ಸದ್ದೂ ಕತೆಗೆ ಸೇರುತ್ತದೆ. ಊಟಕ್ಕೂ ಮಲಗುವುದಕ್ಕೂ ನಡುವೆ ಒಂದು ಗಂಟೆ ಮಾತ್ರ ಇದ್ದರೆ ಇದೇ.

ಬೇಡದವುಗಳನ್ನೂ ಹೇಳಿಬಿಡೋಣ. ಫ್ರಾನ್ಸಿನ ಇನ್‌ಸೈಡ್ (2007) ಕ್ರಿಸ್ಮಸ್ ಹಿಂದಿನ ರಾತ್ರಿಯದೇ, ಆದರೆ ತುಂಬು ಬಸುರಿಯ ಮೇಲಿನ ಹಲ್ಲೆಯ ಕತೆ. ಬಸುರಿ ಬಾಣಂತಿಯರಿರುವ ಮನೆಯಲ್ಲಿ ಹೆಸರೂ ಎತ್ತಬೇಡಿ. ಟೆರಿಫೈಯರ್ 3 (2024) ರಕ್ತದ ಹೊಳೆ, ಹಬ್ಬದ ಊಟದ ಮೇಲೆ ಯಾರಿಗೂ ಹಿಡಿಸದು. ಸೈಲೆಂಟ್ ನೈಟ್, ಡೆಡ್ಲಿ ನೈಟ್ (1984) ಸಾಂತಾ ವೇಷದ ಕೊಲೆಗಾರನ ಕಾರಣಕ್ಕೆ ಅಮೆರಿಕದಲ್ಲಿ ಪಾಲಕರು ಬೀದಿಗಿಳಿದ ಸಿನೆಮಾ. ಗಲಾಟೆ ದೊಡ್ಡದು, ಸಿನೆಮಾ ಸಾಧಾರಣ. ಮಿಡ್‌ಸಮ್ಮರ್ (2019) ಒಳ್ಳೆಯದೇ, ಹಾಡುಹಗಲಲ್ಲೇ ಹೆದರಿಸುತ್ತದೆ. ಆದರೆ 147 ನಿಮಿಷ, ನಗ್ನತೆ, ಕ್ರೌರ್ಯ. ಗೆಳೆಯರ ರೂಮಿಗೆ ಸರಿ, ಮನೆಗೆ ಅಲ್ಲ.

ದಿನ ಯಾವುದು, ಹೊತ್ತು ಯಾವುದು

ನರಕ ಚತುರ್ದಶಿಯ ಹಿಂದಿನ ರಾತ್ರಿ ಬಚ್ಚಲಿನ ಹಂಡೆಗೆ ನೀರು ತುಂಬಿದ ಮನೆ ಬೆಳಗ್ಗೆ ನಾಲ್ಕಕ್ಕೆ ಏಳುತ್ತದೆ, ಅಂದು ಸಿನೆಮಾ ಬೇಡ. ಬಲೀಂದ್ರನಿಗೆ ದೀಪ ಇಡುವ ಸಂಜೆಯೂ ಗಡಿಬಿಡಿ. ದೀಪಾವಳಿಯ ದಿನಗಳಲ್ಲಿ ಹಾಕುವುದೇ ಆದರೆ ಹತ್ತು ಗಂಟೆ ದಾಟಲಿ. ಪಟಾಕಿಗೆ ಸುಪ್ರೀಂ ಕೋರ್ಟು 2018ರಲ್ಲಿ ಕೊಟ್ಟ ಹೊತ್ತು ರಾತ್ರಿ 8ರಿಂದ 10. ಹತ್ತೂಕಾಲಕ್ಕೆ ಶುರುವಾದ ಹ್ಯಾಲೋವೀನ್ ಹನ್ನೆರಡರೊಳಗೆ ಮುಗಿಯುತ್ತದೆ. 2024ರಲ್ಲಂತೂ ನರಕ ಚತುರ್ದಶಿಯೂ ಹ್ಯಾಲೋವೀನೂ ಅಕ್ಟೋಬರ್ 31ಕ್ಕೇ ಬಂದಿದ್ದವು.

ಕ್ರಿಸ್ಮಸ್‌ಗೆ 24 ಆಗುವುದಿಲ್ಲ, ಇಗರ್ಜಿಯ ರಾತ್ರಿ ಬಲಿಪೂಜೆಗೆ ಹೋಗುವವರಿರುತ್ತಾರೆ. 25ರ ರಾತ್ರಿ ಎಲ್ಲರೂ ಸುಸ್ತು. 26 ಅಥವಾ 27 ಒಳ್ಳೆಯದು, ಶಾಲೆಗೂ ರಜೆ, ಕ್ರಿಸ್ಮಸ್ ತಿಂಡಿಗಳ ಕುಸ್ವಾರಿನ ಡಬ್ಬಿಯೂ ಖಾಲಿಯಾಗಿರುವುದಿಲ್ಲ. ಆದರೆ ಅದು ಧನು ತಿಂಗಳು. ಧನುಪೂಜೆಗೆ ನಸುಕಿನಲ್ಲೇ ದೇವಸ್ಥಾನಕ್ಕೆ ಹೊರಡುವವರು ಮನೆಯಲ್ಲಿದ್ದರೆ ಹತ್ತೂವರೆಯೊಳಗೆ ಮುಗಿಸಿ. ಏಳೂವರೆಗೆ ಊಟ, ಎಂಟೂಕಾಲಕ್ಕೆ ಗ್ರೆಮ್ಲಿನ್ಸ್, ಹತ್ತಕ್ಕೆ ದೀಪ ಆರಿಸಬಹುದು.

ಪರದೆ, ಸದ್ದು, ಕರೆಂಟು

ಅಂಗಳದಲ್ಲಿ ಪರದೆ ಕಟ್ಟುವ ಆಸೆ ಎಲ್ಲರಿಗೂ. ದೀಪಾವಳಿಗೆ ತುಲಾ ತಿಂಗಳ ಗುಡುಗುಮಳೆ ಸಂಜೆಗೇ ಬರುತ್ತದೆ, ಸಿಡಿಲು ಇದ್ದರೆ ಟಿವಿಯ ಪ್ಲಗ್ಗಷ್ಟೇ ಅಲ್ಲ, ಡಿಷ್ ಮತ್ತು ಇಂಟರ್ನೆಟ್ ವಯರುಗಳನ್ನೂ ಕಳಚಬೇಕು. ಡಿಸೆಂಬರಿನಲ್ಲಿ ಮಳೆ ಇಲ್ಲ, ಆದರೆ ಅಂಗಳ ತುಂಬ ಅಡಿಕೆ ಒಣಗಲು ಹಾಕಿರುತ್ತದೆ. ಕತ್ತಲೆಯಲ್ಲಿ ಮಕ್ಕಳು ತುಳಿದರೆ ಮರುದಿನ ಹರಡುವ ಕೆಲಸ ಬೇರೆ. ಚಾವಡಿ ಅಥವಾ ಜಗಲಿಯೇ ಸರಿ.

ಪ್ರೊಜೆಕ್ಟರ್ ತರುವುದಾದರೆ 100 ಇಂಚಿನ ಚಿತ್ರಕ್ಕೆ 221 ಸೆಂಟಿಮೀಟರ್ ಅಗಲ, 125 ಎತ್ತರದ ಜಾಗ ಬೇಕು. ಪ್ರೊಜೆಕ್ಟರಿನ ಥ್ರೋ ಅನುಪಾತ 1.5 ಎಂದಿದ್ದರೆ ಅಗಲವನ್ನು ಅದರಿಂದ ಗುಣಿಸಿ: 3.3 ಮೀಟರ್ ದೂರದಲ್ಲಿ ಇಡಬೇಕು. ಒಂದು ಪದರ ಬೆಡ್‌ಶೀಟ್ ಕಟ್ಟಿದರೆ ಬೆಳಕು ಹಿಂದಕ್ಕೆ ಸೋರಿ ಕಪ್ಪೆಲ್ಲ ಬೂದಿಯಾಗುತ್ತದೆ, ಹೆದರಿಕೆಯ ಸಿನೆಮಾಕ್ಕೆ ಅದು ಮಾರಕ. ಎರಡು ಮಡಿಕೆ ಮಾಡಿ, ಹಿಂದೆ ಕಪ್ಪು ಬಟ್ಟೆ ಕಟ್ಟಿ, ಕೆಳಗಿನ ಅಂಚಿಗೆ ಬಿದಿರು ಕೋಲು ಹೊಲಿದು ಬಿಗಿ ಮಾಡಿ. ಸುಣ್ಣದ ಬಿಳಿ ಗೋಡೆ ಖಾಲಿ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಜಗಲಿಯಲ್ಲಾದರೆ ಹುಳಗಳು ಕಿರಣಕ್ಕೆ ಮುತ್ತುತ್ತವೆ, ಹತ್ತು ಹದಿನೈದು ಅಡಿ ಆಚೆ ಒಂದು ಬಲ್ಬು ಉರಿಸಿಟ್ಟರೆ ಹೆಚ್ಚಿನವು ಅತ್ತ ಹೋಗುತ್ತವೆ.

ಟಿವಿಯಲ್ಲಾದರೆ ಬ್ರೈಟ್‌ನೆಸ್ ಏರಿಸುವುದು ಎಲ್ಲರೂ ಮಾಡುವ ತಪ್ಪು. ಕತ್ತಲೆ ಮಾಸಲಾಗುತ್ತದೆಯೇ ಹೊರತು ಒಳಗಿರುವುದು ಕಾಣುವುದಿಲ್ಲ. ಚಿತ್ರವನ್ನು 'ಸಿನೆಮಾ' ಮೋಡಿಗೆ ಹಾಕಿ, ಚಲನೆಯನ್ನು ನಯಗೊಳಿಸುವ ಮೋಷನ್ ಸೆಟ್ಟಿಂಗ್ ಆಫ್ ಮಾಡಿ, ಟ್ಯೂಬ್‌ಲೈಟ್ ಆರಿಸಿ, ಟಿವಿಯ ಹಿಂದೆ ಒಂದು ಸಣ್ಣ ದೀಪ ಇಡಿ. ಮುಂಬಾಗಿಲಿಗೆ ತೂಗುಹಾಕಿದ ನಕ್ಷತ್ರ, ಮಿಣುಕುವ ಸೀರಿಯಲ್ ಲೈಟು ಪರದೆಯಲ್ಲಿ ಪ್ರತಿಫಲಿಸುತ್ತವೆ, ಆ ಹೊತ್ತಿಗೆ ಅವನ್ನೂ ಆರಿಸಿ. ಇಂಟರ್ನೆಟ್ ನಿಧಾನವಾದರೆ ಮೊದಲು ಒಡೆಯುವುದು ಕತ್ತಲ ದೃಶ್ಯಗಳೇ, ಚೌಕ ಚೌಕವಾಗಿ. ಹಿಂದಿನ ದಿನವೇ ಒಳ್ಳೆಯ ಗುಣಮಟ್ಟದಲ್ಲಿ ಡೌನ್‌ಲೋಡ್ ಮಾಡಿ, ಒಂದೂವರೆಯಿಂದ ಮೂರು ಜಿಬಿ ಜಾಗ ಇಟ್ಟುಕೊಳ್ಳಿ.

ಸದ್ದಿನದ್ದು ಇನ್ನೊಂದು ಪಾಠ. ಪಿಸುಮಾತು ಕೇಳದೆಂದು ವಾಲ್ಯೂಮ್ ಏರಿಸುತ್ತಾರೆ, ಮರುಕ್ಷಣ ಕಿರುಚಾಟಕ್ಕೆ ಒಳಕೋಣೆಯ ಅಜ್ಜ ಎದ್ದು ಕೂರುತ್ತಾರೆ. ಆ್ಯಪಿನಲ್ಲಿ 5.1 (ಆರು ಸ್ಪೀಕರಿಗೆಂದು ಮಾಡಿದ ಸದ್ದು) ಬಿಟ್ಟು ಎರಡು ಸ್ಪೀಕರಿನ ಸ್ಟೀರಿಯೋ ಆರಿಸಿ, ಟಿವಿಯ ಎರಡೇ ಸ್ಪೀಕರಿನಲ್ಲಿ 5.1ರ ಮಾತು ಮುಳುಗುತ್ತದೆ. ಸೌಂಡ್‌ಬಾರಿನಲ್ಲಿ ಜೋರು ಸದ್ದನ್ನು ತಗ್ಗಿಸುವ 'ನೈಟ್ ಮೋಡ್' ಇದ್ದರೆ ಹಾಕಿ. ಇಬ್ಬರು ಸಾಮಾನ್ಯವಾಗಿ ಮಾತಾಡುವ ಒಂದು ದೃಶ್ಯವನ್ನು ಮೊದಲೇ ಹಾಕಿ, ಹಿಂದಿನ ಸಾಲಿನಲ್ಲಿ ಕೂತು ಕೇಳಿ ವಾಲ್ಯೂಮ್ ನಿಲ್ಲಿಸಿ, ಆಮೇಲೆ ರಿಮೋಟ್ ಮುಟ್ಟಬೇಡಿ.

ಇನ್ವರ್ಟರ್ ಲೆಕ್ಕ ಹೀಗೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇರುತ್ತದೆ. ಅರ್ಧ ಮಾತ್ರ ಬಳಸಿ, ನಷ್ಟ ಕಳೆದರೆ ಸುಮಾರು 700. ಟಿವಿ, ಸೌಂಡ್‌ಬಾರ್ ಸೇರಿ 150 ವ್ಯಾಟಾದರೆ ನಾಲ್ಕೂವರೆ ಗಂಟೆ ಬರುತ್ತದೆ. 250 ವ್ಯಾಟಿನ ಹಳೆಯ ಲ್ಯಾಂಪ್ ಪ್ರೊಜೆಕ್ಟರಿಗೆ ಮೂರು ಗಂಟೆಯೂ ಇಲ್ಲ, ಅಂದರೆ ಮಣಿಚಿತ್ರತ್ತಾಳ್ ಮುಗಿಯುವುದು ಕಷ್ಟ, ಕ್ರಾಂಪಸ್ ಧಾರಾಳ. ಡೌನ್‌ಲೋಡ್ ಮಾಡಿರದಿದ್ದರೆ ವೈಫೈ ರೂಟರಿನ ಪ್ಲಗ್ಗೂ ಇನ್ವರ್ಟರ್ ಲೈನಿನಲ್ಲೇ ಇರಬೇಕು. ಕರೆಂಟು ಹೋದ ಮೇಲೆ ನೆನಪಾಗುವುದು ಇದೇ.

ತಿಂಡಿಯೂ ಸದ್ದಿನ ಲೆಕ್ಕಕ್ಕೆ ಸೇರುತ್ತದೆ. ಚಕ್ಕುಲಿ, ಬಾಳೆಕಾಯಿ ಚಿಪ್ಸು, ಹಲಸಿನ ಹಪ್ಪಳ ಗ್ರೆಮ್ಲಿನ್ಸ್‌ಗೆ ಆದೀತು, ಬ್ಲ್ಯಾಕ್ ಕ್ರಿಸ್ಮಸ್‌ಗೆ ಬೇಡ, ಆರು ಜನ ಕುರುಕುರು ಮಾಡಿದರೆ ಫೋನಿನ ಪಿಸುಮಾತು ಯಾರಿಗೂ ಕೇಳದು. ಅಂಥ ರಾತ್ರಿಗೆ ಸುಕ್ರುಂಡೆ, ಮಾಂಬಳ, ಬಾಳೆಹಣ್ಣಿನ ಹಲ್ವ. ಚಾ ಫ್ಲಾಸ್ಕಿನಲ್ಲಿ ತುಂಬಿಸಿ ಮೊದಲೇ ತಂದಿಡಿ, ನಡುವೆ ಅಡುಗೆಮನೆಗೆ ಎದ್ದು ಹೋಗಲು ಯಾರೂ ಒಪ್ಪುವುದಿಲ್ಲ.